ಬಿಸಿಲುಂಡ ಕೌದಿ

ಮಾಘ ಮುಗಿಯಲು ಇನ್ನೂ ಎಂಟು ದಿನವಿತ್ತು. ಆದರೂ ಆ ಮಧ್ಯಾಹ್ನ ಕರಿಹಾಳದ ಮಾಳಿಗೆಗಳ ಮೇಲೆ ಬರಿಗಾಲಿಡಲು ಆಗುತ್ತಿರಲಿಲ್ಲ. ಮಾಳಿಗೆಗೊಂದರಂತೆ ಕೌದಿಗಳು ಬಿಸಿಲಿಗೆ ಮೈಚಾಚಿ ಮಲಗಿದ್ದವು. ಹಳೆಯ ಸೀರೆ, ಅಂಗಿ, ಧೋತರಗಳ ತುಂಡುಗಳನ್ನು ಕೂಡಿಸಿ ಹೊಲಿದ ಅವು ನೋಡಲು ಎಲ್ಲ ಕಾಲದ ಕೌದಿಗಳಂಥವೇ. ಮೂಲೆಗಳಲ್ಲಿ ಹೊಲಿದಿದ್ದ ಪುಟ್ಟ ಹೂಗಳು ಮಾತ್ರ, ಬೆಳಿಗ್ಗೆ ನೀಲಿಯಾಗಿದ್ದವು, ಈಗ ಕುಂಕುಮದಂತೆ ಕೆಂಪಾಗಿದ್ದವು. ಕೌದಿಯ ಹೊಟ್ಟೆ ತುಂಬಿತು ಎಂದು ಅದರ ಅರ್ಥ. ಹೆಂಗಸರು ಒಬ್ಬೊಬ್ಬರಾಗಿ ಹತ್ತಿ ಬಂದು, ಬಿಸಿ ಕೌದಿಯನ್ನು ಮಡಿಚಿ ಬಗಲಲ್ಲಿ ಅವುಚಿಕೊಂಡು ಒಳಗೆ ಒಯ್ದರು. ಮಾಳಿಗೆ ಹತ್ತಲಾರದ ಮುದುಕರ ಕೌದಿಗಳನ್ನು ಪಕ್ಕದ ಮನೆಯವರು ತಂದುಕೊಟ್ಟರು. ಅದಕ್ಕೆ ಯಾರೂ ಹೇಳಬೇಕಾಗಿರಲಿಲ್ಲ.

ಕೌದಿಯ ಗುಟ್ಟು ಅದರ ದಾರದಲ್ಲಿತ್ತು. ಆ ದಾರ ಕೂದಲಿನಷ್ಟು ಸಣ್ಣ ಕೊಳವೆ, ಅದರೊಳಗೆ ಒಂದು ಬಗೆಯ ಮೇಣ. ಚಳಿಗಾಲದಲ್ಲಿ ಗಟ್ಟಿಯಾಗಿ ಬಿಸಿಲಿಗಿಟ್ಟರೆ ಕರಗುವ ಕೊಬ್ಬರಿ ಎಣ್ಣೆಯನ್ನು ಎಲ್ಲರೂ ಕಂಡಿದ್ದಾರೆ. ಮೇಣವೂ ಹಾಗೆಯೇ. ಕರಗುವಾಗ ಶಾಖವನ್ನು ಒಳಗೆಳೆದುಕೊಳ್ಳುತ್ತದೆ, ಚಳಿಗೆ ಮತ್ತೆ ಗಟ್ಟಿಯಾಗುವಾಗ ಆ ಶಾಖವನ್ನು ನಿಧಾನವಾಗಿ ಹಿಂದಿರುಗಿಸುತ್ತದೆ. ಹಗಲಿನ ಬಿಸಿಲನ್ನು ನಸುಕಿನ ಚಳಿಗೆ ತೆಗೆದಿಡುವ ದಾರ ಅದು.

ಇಂಥದ್ದೊಂದು ಬೇಕಾಗಿತ್ತು. ೨೦೬೪ರ ಹೊತ್ತಿಗೆ ಡೋಣಿ ನದಿಯ ಸೀಮೆಯಲ್ಲಿ ಚಳಿಗಾಲದ ಕೊನೆ ನೆಟ್ಟಗೆ ಬರುವುದನ್ನೇ ಮರೆತಿತ್ತು. ಹತ್ತು ಹನ್ನೆರಡು ದಿನ ಚೈತ್ರದಂಥ ಸೆಕೆ. ಜನ ಹೊದಿಕೆಗಳನ್ನು ಗಂಟು ಕಟ್ಟಿ ಮೇಲಿಡುವಷ್ಟರಲ್ಲಿ, ಹೋದ ಚಳಿ ತಿರುಗಿ ಬಂದು ಒಂದೇ ರಾತ್ರಿಯಲ್ಲಿ ನಾಲ್ಕು ಡಿಗ್ರಿಗೆ ಇಳಿಯುತ್ತಿತ್ತು. ಊರವರು ಅದನ್ನು 'ಸುಳ್ಳು ಬ್ಯಾಸಗಿ' ಎನ್ನುತ್ತಿದ್ದರು. ದೊಡ್ಡವರಿಗೆ ಅದು ನೆಗಡಿ, ಕೆಮ್ಮು. ತಿಂಗಳು ತುಂಬದೆ ಹುಟ್ಟಿದ ಕೂಸುಗಳು ತಮ್ಮ ಮೈಯ ಬಿಸಿಯನ್ನು ತಾವೇ ಕಾಯ್ದುಕೊಳ್ಳಲಾರವು. ಅವು ಅಳದೆಯೇ ಹೋಗಿಬಿಡುತ್ತಿದ್ದವು.

ದಾರವನ್ನು ಕಂಡುಹಿಡಿದವಳು ವಿಜಯಪುರದ ಡಾ. ಸಿಂಚನಾ ಹೊನವಾಡ. ಹನ್ನೊಂದು ವರ್ಷಗಳ ಹಿಂದೆ ಮೊದಲ ಉಂಡೆಯನ್ನು ಹಿಡಿದು ಅವಳು ಕರಿಹಾಳಕ್ಕೆ ಬಂದಾಗ, ಕೌದಿ ಹೊಲಿಯುವುದರಲ್ಲಿ ಹೆಸರಾದ ಮಹಾನಂದಾ ಎಂಬ ಎಪ್ಪತ್ತರ ಮುದುಕಿ ಅದನ್ನು ಹಲ್ಲಿನಿಂದ ಕಚ್ಚಿ ನೋಡಿದ್ದಳು.

"ದಾರ ಗಟ್ಟಿ ಐತ್ರಿ ಅಕ್ಕಾರ. ಆದ್ರ ಕೌದಿ ಹೊಟ್ಟಿ ತುಂಬಸೂದು ಮರ್ತೀರಿ ನೀವು."

"ಬಿಸಿಲು ತುಂಬಸ್ತೀವಲ್ಲ ಆಯಿ," ಎಂದಳು ಸಿಂಚನಾ.

"ಬರೇ ಬಿಸಲು ಉಂಡ್ರ ನಿಮ್ಮ ಹೊಟ್ಟಿ ತುಂಬ್ತೈತೇನು? ನೋಡ್ರಿ, ಅದಕ್ಕ ಹಿಂಗ ಸೊರಗೀರಿ!"

ಕಟ್ಟೆಯ ಮೇಲಿದ್ದ ಹೆಂಗಸರೆಲ್ಲ ನಕ್ಕರು. ಕೌದಿಯ ನಟ್ಟನಡುವೆ ಕೊನೆಯ ತುಂಡನ್ನು ಮುಚ್ಚುವ ಮೊದಲು ಒಳಗೊಂದು ಚೂರು ರೊಟ್ಟಿ ಇಟ್ಟು ಹೊಲಿಯುವುದು ಅಲ್ಲಿಯ ರೂಢಿ. ಹಸಿದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲವಂತೆ. ಮಹಾನಂದಾ ರೊಟ್ಟಿಯನ್ನು ಎರಡು ಮಾಡಿ, ಒಂದು ಚೂರನ್ನು ಕೌದಿಗಿಟ್ಟು, ಉಳಿದದ್ದನ್ನು ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಹಚ್ಚಿ ಸಿಂಚನಾಳ ಕೈಗೆ ಕೊಟ್ಟಳು. ಆಮೇಲೆ ಕೇಳಿದಳು, "ಕುದಿಸಿದ್ರ ತಡಿತೈತೇನ್ರಿ ಇದು?"

"ಐವತ್ತು ಸಲ ಒಗೆದು ನೋಡೀವಿ ಆಯಿ. ಏನೂ ಆಗಿಲ್ಲ," ಎಂದು ಹೇಳಿ ಸಿಂಚನಾ ರೊಟ್ಟಿ ಮುರಿದಳು. ಪ್ರಯೋಗಾಲಯದ ಯಂತ್ರದಲ್ಲಿ, ಉಗುರುಬೆಚ್ಚಗಿನ ನೀರಿನಲ್ಲಿ, ಐವತ್ತು ಸಲ ಒಗೆದದ್ದು ನಿಜವೇ ಆಗಿತ್ತು.

ಆಮೇಲಿನ ಹನ್ನೊಂದು ಚಳಿಗಾಲ ಕರಿಹಾಳದಲ್ಲಿ ಒಂದು ಕೂಸೂ ಚಳಿಗೆ ಹೋಗಲಿಲ್ಲ. ಅದಕ್ಕೂ ಮೊದಲು ಅಲ್ಲಿ ಬೇರೆಯೇ ಒಂದು ಏರ್ಪಾಡಿತ್ತು. ಓಣಿಯಲ್ಲಿ ಬಾಣಂತಿಯಿದ್ದರೆ ಹೆಂಗಸರು ಪಾಳಿ ಹಾಕಿಕೊಳ್ಳುತ್ತಿದ್ದರು. ನಸುಕಿನಲ್ಲಿ ಒಬ್ಬಳು ಎದ್ದು ಕೆಂಡದ ಅಗ್ಗಿಷ್ಟಿಗೆ ಹಿಡಿದು ಹೋಗಿ ಬಾಗಿಲು ಬಡಿಯುವಳು, ಕೂಸಿನ ಅಂಗಾಲು ಮುಟ್ಟಿ ನೋಡುವಳು, ತಣ್ಣಗಿದ್ದರೆ ತನ್ನ ಎದೆಗೇ ಹಾಕಿಕೊಂಡು ಬೆಳಗಿನವರೆಗೆ ಕೂಡುವಳು. ಕೌದಿ ಬಂದ ಮೇಲೆ ಈ ಪಾಳಿ ನಿಂತಿತು. ನಿಲ್ಲಿಸೋಣ ಎಂದು ಯಾರೂ ಹೇಳಲಿಲ್ಲ. ಹೂ ಕೆಂಪಗಿದೆಯೇ ಎಂದು ಮಲಗುವ ಮುಂಚೆ ನೋಡಿದರೆ ಸಾಕಾಗುತ್ತಿತ್ತು.

ಈ ವರ್ಷ ಮಹಾನಂದಾಳ ಪಕ್ಕದ ಮನೆಗೆ, ತನ್ನ ತವರಿಗೆ, ಸೃಷ್ಟಿ ಹೆರಿಗೆಗೆ ಬಂದಿದ್ದಳು. ತಾಯಿಯಿಲ್ಲದ ಹುಡುಗಿ. ಏಳೂವರೆ ತಿಂಗಳಿಗೇ ಹೆಣ್ಣುಕೂಸು ಹುಟ್ಟಿ, ಮೂರು ವಾರ ತಾಲ್ಲೂಕು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿತ್ತು. ಬಾಣಂತನವೆಲ್ಲ ಮಹಾನಂದಾಳದೇ. ಎಂಬತ್ತೊಂದರ ಆ ಮುದುಕಿ ಬಿಸಿನೀರು ಕಾಯಿಸುವಳು, ಕೊಬ್ಬರಿ ಖಾರ ಕುಟ್ಟುವಳು, ಕೂಸಿಗೆ ಎಣ್ಣೆ ತಿಕ್ಕುವಳು. "ಅಂಗೈಯಷ್ಟ ಅದಾಳ ನೋಡ, ಕಣ್ಣ ಮಾತ್ರ ತಾಸೀಲ್ದಾರಂಗ ಬಿಡ್ತಾಳ," ಎಂದು ಬೈಯುವಳು. ತನ್ನ ಮದುವೆಯ ಸೀರೆಯನ್ನು ಹರಿದು ಹೊಲಿದ ಚಿಕ್ಕ ಕೌದಿಯನ್ನು ಕೂಸಿಗೆ ಹೊದಿಸಿದ್ದಳು.

ಶುಕ್ರವಾರ ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ಗೊತ್ತಾಗಿತ್ತು. ತೊಟ್ಟಿಲಿಗೆ ಹಾಕುವ ಮುಂಚೆ ಕೂಸಿನ ಬಟ್ಟೆಯನ್ನೆಲ್ಲ ಡೋಣಿಯ ದಂಡೆಯ ಸವಳು, ಎಂದರೆ ಕೊಳೆ ಬಿಡಿಸುವ ಉಪ್ಪುಮಣ್ಣು, ಹಾಕಿ ಕುದಿಸಿ, ಬಂಡೆಯ ಮೇಲೆ ಬಡಿದು ಒಗೆಯಬೇಕು. ಅಜ್ಜಿಯಾದವಳು ಮಾಡುವ ಕೆಲಸ ಅದು. ಈಚೆಗೆ ಹೆಚ್ಚಿನವರು ಕೌದಿಯನ್ನು ಮಾತ್ರ ತಣ್ಣೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿ ಮುಗಿಸುತ್ತಿದ್ದರು. ಸೃಷ್ಟಿಗೆ ಆ ಕೊರತೆ ಕಾಣಬಾರದೆಂದು, ಬುಧವಾರದ ಉರಿಬಿಸಿಲಿನಲ್ಲಿ ಮಹಾನಂದಾ ಒಬ್ಬಳೇ ಹಂಡೆಯಲ್ಲಿ ಕೌದಿಯನ್ನು ಕುದಿಸಿದಳು, ಒಗೆದಳು, ಒಣಹಾಕಿದಳು. ಸಂಜೆಗೆ ಹೂಗಳು ಕೆಂಪಾಗಿದ್ದವು.

ಗುರುವಾರ ಮಧ್ಯಾಹ್ನ ಬಡಗಣ ಗಾಳಿ ಬಿಟ್ಟಿತು. ಕತ್ತಲಾಗುವ ಹೊತ್ತಿಗೆ ಚಳಿ ಮರಳಿತ್ತು. ಸೃಷ್ಟಿ ನಸುಕಿಗೆ ಮೊದಲು ಕೂಸಿಗೆ ಹಾಲು ಕುಡಿಸಿ, ತನ್ನ ಮಗ್ಗುಲಿನ ಪುಟ್ಟ ಹಾಸಿಗೆಯಲ್ಲಿ ಮಲಗಿಸಿ, ಹೂ ಕೆಂಪಗಿರುವುದನ್ನು ನೋಡಿ ಕಣ್ಣು ಮುಚ್ಚಿದಳು. ಬೆಳಿಗ್ಗೆ ತೊಟ್ಟಿಲು ಶೃಂಗರಿಸಲು ಹೂಮಾಲೆ ಹಿಡಿದು ಮಹಾನಂದಾ ಬಂದಾಗ, ಸೃಷ್ಟಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಗಾಲನ್ನು ತಿಕ್ಕುತ್ತಿದ್ದಳು. ತಿಕ್ಕುತ್ತಲೇ ಇದ್ದಳು.

ಸುದ್ದಿ ತಿಳಿದು ಭಾನುವಾರ ಸಿಂಚನಾ ಬಂದಳು. ಮಹಾನಂದಾಳ ಪಡಸಾಲೆಯಲ್ಲಿ ಕುಳಿತು, ಕೌದಿಯ ಒಂದು ಎಳೆಯನ್ನು ಬಿಚ್ಚಿ ಮಸೂರದ ಕೆಳಗಿಟ್ಟು ನೋಡಿದಳು. ಕೊಳವೆ ಉದ್ದಕ್ಕೂ ಸೀಳಿತ್ತು. ಮೇಣವೆಲ್ಲ ಹಂಡೆಯ ನೀರಿನಲ್ಲಿ ಹೋಗಿತ್ತು. ಮೂಲೆಯ ಹೂವನ್ನು ತಣ್ಣೀರಿನಲ್ಲಿ ಅದ್ದಿದಳು. ನೀಲಿಯಾಗಬೇಕಿತ್ತು. ಆಗಲಿಲ್ಲ. ಕುದಿತಕ್ಕೆ ಬಣ್ಣ ಕೆಂಪಿನಲ್ಲೇ ನಿಂತುಬಿಟ್ಟಿತ್ತು.

ಎದುರಿಗೆ ಗೋಡೆಗೊರಗಿ ಮಹಾನಂದಾ ಕುಳಿತಿದ್ದಳು. ಮೂರು ದಿನದಿಂದ ಅವಳು ಏನೂ ಉಂಡಿರಲಿಲ್ಲ.

"ಕುದಿಸಿದ್ದಕ್ಕ ಆತೇನ್ರಿ ಅಕ್ಕಾರ?"

ಸಿಂಚನಾ ಮಸೂರವನ್ನು ಕೆಳಗಿಟ್ಟಳು. ದಾರ ಹಳೆಯದಾಗಿತ್ತು ಎನ್ನಬಹುದಿತ್ತು. ಆಸ್ಪತ್ರೆಯಿಂದ ಬಂದ ಕೂಸು, ಹಣೆಬರಹ ಎನ್ನಬಹುದಿತ್ತು. ಇನ್ನೆಷ್ಟು ದಿನ ಬದುಕುವ ಮುದುಕಿ, ಒಂದು ಸುಳ್ಳಿನಿಂದ ಅವಳಿಗೆ ನಿದ್ದೆ ಬರುವುದಾದರೆ ಯಾರಿಗೇನು ನಷ್ಟ? ಆದರೆ ಇನ್ನೂ ನಾನೂರು ಹಳ್ಳಿಗಳಲ್ಲಿ ಇದೇ ದಾರವಿತ್ತು. ಹಂಡೆಗಳೂ ಇದ್ದವು.

"ಹೌದು ಆಯಿ," ಎಂದಳು.

ಮಹಾನಂದಾ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಬೇರೆ ಯಾರದೋ ಎಂಬಂತೆ ನೋಡಿದಳು. "ಈ ಕೈಲೆ ಕೊಂದ್ನೆವ್ವಾ."

ಸಿಂಚನಾ ಎದ್ದು ಹೋಗಿ ಆ ಕೈಗಳನ್ನು ಹಿಡಿದುಕೊಂಡಳು. "ಇಲ್ಲ ಆಯಿ. ನೀವು ಕೇಳಿದ್ರಿ. ಹನ್ನೊಂದು ವರ್ಷದ ಹಿಂದ, ಕುದಿಸಿದ್ರ ತಡಿತೈತೇನು ಅಂತ ಕೇಳಿದ್ರಿ. ನಾನು ನಿಮ್ಮ ರೊಟ್ಟಿ ತಿನ್ಕೋತ ಬ್ಯಾರೇದೇ ಉತ್ತರ ಕೊಟ್ಟೆ. ಹಂಡೆದಾಗ ಹಾಕಿ ನೋಡಿದ್ರ ಮುಗೀತಿತ್ತು. ನೋಡಲಿಲ್ಲ. ಹೂ ಕೆಂಪಿದ್ರ ಸಾಕು ಅಂತ ಕಲಿಸಿದಾಕಿನೂ ನಾನ."

"ನನಗ ನೆನಪಿಲ್ಲವ್ವ, ಕೇಳಿದ್ದು."

"ನನಗ ಐತಿ."

ಬಾಗಿಲಲ್ಲಿ ಸೃಷ್ಟಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯಲಿಲ್ಲ. ತಲೆಗೆ ಕಟ್ಟಿದ ಬಾಣಂತಿಯ ಬಟ್ಟೆಯನ್ನು ಇನ್ನೂ ಬಿಚ್ಚಿರಲಿಲ್ಲ, ಎದೆಯ ಮೇಲಿನ ಸೆರಗು ಹಾಲಿಗೆ ತೊಯ್ದಿತ್ತು. ಅವಳು ಒಳಗೆ ಬಂದು, ತಲೆಯ ಬಟ್ಟೆಯನ್ನು ಬಿಚ್ಚಿ ನಡುಗುತ್ತಿದ್ದ ಮುದುಕಿಯ ತಲೆಗೆ, ಕಿವಿಗಳಿಗೆ ಸುತ್ತಿ ಕಟ್ಟಿದಳು.

"ಕುದಿಸಿದ್ದು ನನಗ ಆವತ್ತೇ ಗೊತ್ತಾಗಿತ್ತ ಆಯಿ. ಕೌದಿ ಸವಳ ವಾಸನಿ ಹೊಡೀತಿತ್ತು. ನಮ್ಮವ್ವ ಇದ್ರ ಆಕೀನೂ ಕುದಿಸ್ತಿದ್ಲು." ಮುದುಕಿಯ ಪಕ್ಕದಲ್ಲೇ ಕುಳಿತು, "ಕೂಸಿಗೆ ನಂದಾ ಅಂತ ಕರೀಬೇಕಂತ ಮಾಡಿದ್ದೆ," ಎಂದಳು.

ಆಗ ಮಹಾನಂದಾ ಅತ್ತಳು. ಮೂರು ದಿನ ಬಾರದ ಅಳು ಅದು. ಸೃಷ್ಟಿ ಅವಳನ್ನು ಕೂಸನ್ನು ಹಿಡಿದಂತೆ ಎದೆಗೆ ಹಿಡಿದುಕೊಂಡಳು. ಸಿಂಚನಾ ಅಡಿಗೆಮನೆಗೆ ಹೋಗಿ, ಡಬ್ಬಿಗಳನ್ನು ಹುಡುಕಿ, ಮೂವರಿಗೂ ಗಂಜಿ ಕಾಯಿಸಿದಳು. ಉಪ್ಪು ಹೆಚ್ಚಾಗಿತ್ತು. ಮೂವರೂ ಉಂಡರು.

ಮಾರನೆಯ ದಿನವೇ ಸಿಂಚನಾ ಊರೂರಿಗೆ ಹೊರಟಳು. ಕುದಿಸಿದ ಕೌದಿಗಳನ್ನೆಲ್ಲ ಹಿಂದಕ್ಕೆ ಪಡೆದಳು, ತಪ್ಪು ತನ್ನದೆಂದು ಪ್ರತಿ ಕಟ್ಟೆಯ ಮೇಲೂ ಹೇಳಿದಳು. ವರ್ಷದೊಳಗೆ ಕುದಿತ, ಬಡಿತ ಎರಡನ್ನೂ ತಡೆಯುವ ಹೊಸ ದಾರ ಬಂದಿತು. ಅದನ್ನು ಮೊದಲು ಪರೀಕ್ಷಿಸಿದ್ದು ಮಹಾನಂದಾಳ ಹಂಡೆಯಲ್ಲಿ. ಆದರೆ ಹೊಸ ಕೌದಿಯ ಮೂಲೆಗಳಲ್ಲಿ ಬಣ್ಣ ಬದಲಿಸುವ ಹೂ ಇರಲಿಲ್ಲ, ಬರಿಯ ಅರಿವೆಯ ಹೂ ಇತ್ತು. ಜನ ಕೇಳಿದರು, ಗೊಣಗಿದರು. ಸಿಂಚನಾ ಒಪ್ಪಲಿಲ್ಲ. "ಮುಟ್ಟಿ ನೋಡ್ರಿ," ಎಂದಷ್ಟೇ ಹೇಳುತ್ತಿದ್ದಳು.

ಮುಂದಿನ ಮಾಘದಲ್ಲಿ ಕರಿಹಾಳದಲ್ಲಿ ಮತ್ತೆ ಪಾಳಿ ಶುರುವಾಯಿತು. ಪಟ್ಟಿಯಲ್ಲಿ ಮೊದಲ ಹೆಸರು ಸೃಷ್ಟಿಯದು. ಅದಕ್ಕೆಂದೇ ಅವಳು ಗಂಡನ ಮನೆಯಿಂದ ಹದಿನೈದು ದಿನ ಬಂದಿದ್ದಳು. ಬೇರೆಯವರ ಕೂಸಿನ ಅಂಗಾಲನ್ನು ಅವಳು ಮುಟ್ಟಿ ನೋಡುವಾಗ, ಅಗ್ಗಿಷ್ಟಿಗೆ ಹಿಡಿದು ಹಿಂದೆ ನಿಂತ ಮಹಾನಂದಾ ಪ್ರತಿ ಸಲವೂ ಕೇಳುತ್ತಿದ್ದಳು, "ಬೆಚ್ಚಗದಾಳೇನ?" ಸೃಷ್ಟಿ ತುಸು ಹೊತ್ತು ಕೈ ತೆಗೆಯುತ್ತಿರಲಿಲ್ಲ. ಆಮೇಲೆ, "ಬೆಚ್ಚಗದಾಳ ಆಯಿ," ಎನ್ನುತ್ತಿದ್ದಳು.

ಇದು ಮುಂದಿನ ಕಾಲದ ಕತೆ, ಆ ಕೌದಿ ಇನ್ನೂ ಹುಟ್ಟಿಲ್ಲ. ಅದನ್ನು ಕಂಡುಹಿಡಿಯಬೇಕಾದವಳು ಈಗ ಎಲ್ಲೋ ಶಾಲೆಯಲ್ಲಿ ಮಗ್ಗಿ ಕಲಿಯುತ್ತಿರಬಹುದು. ಸುಳ್ಳು ಬೇಸಿಗೆ ಮಾತ್ರ ಆಗಲೇ ಬಂದಿದೆ. ನಿನ್ನೆ ಫ್ಯಾನು ಹಾಕಿದೆವು, ಇವತ್ತು ಸಂಜೆ ಬಡಗಣ ಗಾಳಿ ಬಿಟ್ಟಿದೆ. ನಿಮ್ಮ ಓಣಿಯಲ್ಲಿಯೂ ಒಂದು ಬಾಣಂತಿಯ ಮನೆ ಇರಬಹುದು. ಒಮ್ಮೆ ಹೋಗಿ ಬಾಗಿಲು ಬಡಿಯಿರಿ.