ಕಾಂಡದ ಮೇಲಿನ ಬಿಳಿ ಬೇರು

ಪುಟ್ಟ ಚೊಕ್ಕಮ್ಮ ಹೊದಿಕೆಯ ಮೂಲೆಗೆ ಮೂಲೆ ಕೂಡಿಸಿ ಮಡಿಸುತ್ತಿದ್ದಳು. ಯಾವುದೂ ಓರೆಕೋರೆಯಾಗಿ ಇರಬಾರದು ಅವಳಿಗೆ. ಅದಕ್ಕೇ ಮನೆಯವರು ಅವಳನ್ನು ಹಾಗೆ ಕರೆಯುವುದು. ಅಷ್ಟರಲ್ಲಿ ಬಾಲ್ಕನಿಯಿಂದ ಅಕ್ಕನ ದನಿ ಬಂತು.

"ಅಮ್ಮಾ, ಸ್ವಲ್ಪ ಬಾ ಇಲ್ಲಿ. ನನ್ನ ಗಿಡ ನೋಡು."

ಅಡುಗೆಮನೆಯಿಂದ ಅಮ್ಮ ಹೋದಳು. ಅರ್ಧ ಮಡಿಸಿದ ಹೊದಿಕೆ ಹಿಡಿದೇ ಚೊಕ್ಕಮ್ಮನೂ ಬಾಲ್ಕನಿಯ ಬಾಗಿಲಿಗೆ ಬಂದಳು.

ಅದು ಅಕ್ಕನ ಕಾಲೇಜು ಪ್ರಾಜೆಕ್ಟ್: ಬೇರಿನ ಸುತ್ತ ನೀರು ನಿಂತರೆ ಗಿಡ ಏನು ಮಾಡುತ್ತದೆ ಎಂದು ನೋಡುವುದು. ಟೊಮೆಟೊ ಗಿಡವನ್ನು ಕುಂಡದ ಸಮೇತ ನೀರಿನ ಬಕೆಟ್ಟಿನಲ್ಲಿಟ್ಟು ಹನ್ನೆರಡು ದಿನವಾಗಿತ್ತು. ನಾಳೆ ಮೇಡಂಗೆ ತೋರಿಸಬೇಕು. ಈಗ ನೋಡಿದರೆ ಎಲೆಗಳೆಲ್ಲ ಜೋತುಬಿದ್ದಿದ್ದವು.

"ನಿನ್ನೆ ಕಾಂಡದ ಮೇಲೆ ಬಿಳಿ ಬೇರು ಬಂದಿತ್ತಮ್ಮ. ಈಗ ಒಂದೂ ಇಲ್ಲ," ಅಂದಳು ಅಕ್ಕ.

"ಇಲಿ ಬಂದಿತ್ತೇನೋ," ಅಂದಳು ಅಮ್ಮ.

"ಇಲಿ ಇಷ್ಟು ನೀಟಾಗಿ ತಿನ್ನತ್ತಾ? ಕ್ಷೌರ ಮಾಡಿದ ಹಾಗಿದೆ."

ಚೊಕ್ಕಮ್ಮ ಬಾಗಿಲ ಹಿಂದಕ್ಕೆ ಸರಿದಳು. ನಿನ್ನೆ ಸಂಜೆ ಕಾಂಡದ ಸುತ್ತ ಮೀಸೆಯಂಥದ್ದೇನೋ ಕಂಡಿತ್ತು. ಗಿಡಕ್ಕೆ ರೋಗ ಬಂದಿದೆ ಎಂದುಕೊಂಡು ಕ್ರಾಫ್ಟ್ ಕತ್ತರಿಯಿಂದ ಕಚಕಚನೆ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ್ದಳು. ಅಕ್ಕ ನೋಡಿ ಶಹಬ್ಬಾಸ್ ಅನ್ನುತ್ತಾಳೆ ಅಂತಲೂ ಅಂದುಕೊಂಡಿದ್ದಳು.

"ಮಣ್ಣೊಳಗೆ ಬೇರು ಇದೆಯಲ್ಲೇ. ಮೇಲಿಂದು ಹೋದ್ರೆ ಏನಾಯ್ತು?" ಅಮ್ಮ ಕೇಳಿದಳು.

"ನೀರು ನಿಂತ್ರೆ ಆ ಬೇರಿಗೆ ಉಸಿರು ಕಟ್ಟತ್ತೆ. ಗಿಡದೊಳಗೆ ಎಥಿಲೀನ್ ಅಂತ ಒಂದು ಹಾರ್ಮೋನ್ ಇರತ್ತಮ್ಮ, ಗ್ಯಾಸ್ ಥರ. ಸುತ್ತ ನೀರಿದ್ರೆ ಅದಕ್ಕೆ ಹೊರಗೆ ಹೋಗೋಕಾಗಲ್ಲ. ಒಳಗೇ ತುಂಬ್ಕೊಂಡು, 'ಕೆಳಗೆ ಉಸಿರಿಲ್ಲ, ಮೇಲೆ ಹೊಸ ಬೇರು ಬಿಡು' ಅಂತ ಕಾಂಡಕ್ಕೆ ಹೇಳತ್ತೆ. ಪಾಪ, ಗಿಡ ಅಷ್ಟು ಒದ್ದಾಡಿ ಬೇರು ಬಿಟ್ಟಿತ್ತು." ಅಕ್ಕ ಮೂಗೊರೆಸಿಕೊಂಡಳು. "ತಪ್ಪು ನಂದೇ. ರಾತ್ರಿ ಒಳಗಿಡಬೇಕಿತ್ತು."

ಚೊಕ್ಕಮ್ಮ ಹೊದಿಕೆಯನ್ನು ಎದೆಗೆ ಒತ್ತಿಕೊಂಡಳು. ಒಲೆಯ ಮೇಲಿನ ಹಾಲು ಉಕ್ಕೀತೆಂದು ಅಮ್ಮ ಒಳಗೆ ಓಡಿದಳು. ಸುಮ್ಮನಿದ್ದರೆ ಸಾಕು, ಎಲ್ಲ ಇಲಿಯ ತಲೆಗೆ ಕಟ್ಟಿದಂತಾಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.

ಅಕ್ಕ ಸ್ಕೇಲ್ ಹಿಡಿದು ಬಗ್ಗಿದಳು. ನೋಟ್‌ಬುಕ್ಕಿನಲ್ಲಿ ಇವತ್ತಿನ ತಾರೀಖು ಬರೆದಳು. ಬೇರಿನ ಉದ್ದ ಬರೆಯುವ ಜಾಗದಲ್ಲಿ ಸೊನ್ನೆ ಹಾಕಿದಳು.

ಚೊಕ್ಕಮ್ಮ ಬಂದು ಅಕ್ಕನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಕತ್ತರಿ ಆಡಿದ ಕಡೆಯಲ್ಲೆಲ್ಲ ಸಣ್ಣ ಸಣ್ಣ ಕಂದು ಚುಕ್ಕೆಗಳಿದ್ದವು. ಒಂದರ ಮೇಲೆ ಮೆಲ್ಲಗೆ ಬೆರಳಿಟ್ಟಳು.

"ಅಕ್ಕಾ," ಅಂದಳು. "ನಾನು ಕತ್ತರಿಸಿದ ಬೇರು ಮತ್ತೆ ಬರತ್ತಾ?"