ಜಿಗಿಯದ ಗಂಟು

ನೋವು ಹೋಗಿಬಿಟ್ಟಿದೆ.

ಅವಳು ತನಗೆ ತಾನೇ ಗುಟ್ಟಾಗಿ ಒಪ್ಪಿಕೊಂಡದ್ದು ಇಷ್ಟೇ. ತಲೆ ಬಾಚಲು ಕೈಯೆತ್ತಿದಾಗ ಎಡಭುಜ ಹಗುರವಾಗಿತ್ತು. ಖುಷಿಪಡಬೇಕಾದವಳ ಎದೆ ಧಸಕ್ಕೆಂದಿತು. ಇನ್ನು ಯಾವ ನೆಪ ಹೇಳಿಕೊಂಡು ಆ ಕ್ಲಿನಿಕ್ಕಿಗೆ ಹೋಗುವುದು?

ಆದರೂ ಹೋಗುತ್ತಲೇ ಇದ್ದಳು. "ಇನ್ನೂ ನೋಯುತ್ತೆ" ಎನ್ನುತ್ತಲೇ ಇದ್ದಳು.

ಇವತ್ತು ಹೊರಡುವಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ನೀರಿನ ಕ್ಯಾನು ಒಂದೇ ಕೈಲಿ ಎತ್ತಿಟ್ಟೆಯಲ್ಲೇ. ಆ ಭುಜಕ್ಕೆ ಸಂಜೆ ಮಾತ್ರ ನೋವು ಬರುತ್ತಾ?"

"ಸುಮ್ನಿರೇ."

"ಸುಮ್ನಿರ್ತೀನಮ್ಮ. ಬೋರಲು ಮಲಗೋಕೆ ಹೋಗೋರು ಕಣ್ಣಿಗೆ ಕಾಡಿಗೆ ಯಾಕೆ ಹಚ್ಕೋತಾರೆ ಅಂತ ಕೇಳ್ದೆ ಅಷ್ಟೇ."

ಬಸ್ಸಿನಲ್ಲಿ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ನೋವಿಲ್ಲವೆಂದು ಇವತ್ತು ಹೇಳಿಬಿಡಲೇ? ಹೇಳಿದರೆ ಮುಗಿಯಿತಲ್ಲ...

ದಿನವಿಡೀ ತಲೆಬಗ್ಗಿಸಿ ಪುಸ್ತಕದ ಕರಡು ತಿದ್ದುವುದು ಅವಳ ಕೆಲಸ. ಕತ್ತು, ಭುಜ ಮರಗಟ್ಟಿದಾಗ ಮೊದಲ ಸಲ ಅಲ್ಲಿಗೆ ಬಂದಿದ್ದಳು. ಸೂಜಿ ಕಂಡಿದ್ದೇ ಮಂಚದ ಅಂಚನ್ನು ಬಿಗಿಹಿಡಿದಿದ್ದಳು.

"ಇದ್ರಲ್ಲಿ ಔಷಧಿ ಇಲ್ಲ, ಬರೀ ಸೂಜಿ," ಎಂದಿದ್ದ ಫಿಸಿಯೋ. "ಸ್ನಾಯು ಗಂಟು ಕಟ್ಟಿರೋ ಕಡೆ ತಾಗಿದ್ರೆ ಅದೇ ಒಂದ್ಸಲ ಜಿಗಿಯುತ್ತೆ, ಆಮೇಲೆ ಸಡಿಲ ಆಗುತ್ತೆ. ಹೆದರೋದಾದ್ರೆ ಹೆದರಿ, ಅಲ್ಲಾಡಬೇಡಿ ಅಷ್ಟೇ."

ಸೂಜಿ ಇಳಿಯಿತು. ಭುಜದೊಳಗೆ ಏನೋ ತಟಕ್ಕನೆ ಜಿಗಿಯಿತು.

"ಸಿಕ್ತು," ಎಂದ, ಕಳೆದ ಕೀಲಿ ಸಿಕ್ಕವನಂತೆ.

ಆ ದನಿಯಲ್ಲಿದ್ದ ಖುಷಿ! ಎಲ್ಲ ಶುರುವಾದದ್ದು ಅಲ್ಲಿಂದ. ಮಂಚದಲ್ಲಿ ಮುಖ ಇಡಲೆಂದು ಕೊರೆದ ತೂತು, ಅದರ ಸುತ್ತ ಉಂಗುರದಂಥ ದಿಂಬು; ಅದರೊಳಗಿಂದ ಅವಳಿಗೆ ಕಾಣುತ್ತಿದ್ದುದು ಅವನ ಬೂಟುಗಳು ಮಾತ್ರ. ಎಡಗಾಲಿನ ಲೇಸು ಯಾವಾಗಲೂ ಬಿಚ್ಚಿರುತ್ತಿತ್ತು. ಅದನ್ನು ಹೇಳಲೂ ಅವಳಿಗೆ ಬಾಯಿ ಬಂದಿರಲಿಲ್ಲ.

ಇವತ್ತೂ ಅದೇ ಬೂಟು, ಅದೇ ಲೇಸು. ಸೂಜಿಗಳು ಇಳಿದವು. ಭುಜ ಮಾತ್ರ ಜಿಗಿಯಲಿಲ್ಲ.

ಅವನು ಇನ್ನೊಂದು ಸೂಜಿ ಹಾಕಿ ನೋಡಿದ.

"ನೋವಿದೆ ಅಂತೀರಿ. ಗಂಟು ನನ್ನ ಕೈಗೆ ಸಿಕ್ತಿಲ್ಲ," ಎಂದ ಕೊನೆಗೆ. "ಈ ಕ್ಲಿನಿಕ್ ನಡೆಸೋ ದೊಡ್ಡ ಮೇಡಂಗೆ ಹೇಳ್ಬಿಟ್ಟೆ. ನಿಮ್ಮನ್ನ ಇನ್ಮೇಲೆ ಅವರೇ ನೋಡ್ಕೋತಾರೆ. ನಾನು ಸೂಜಿ ಹಾಕೋದನ್ನೇ ಬಿಡ್ತಿದೀನಿ."

"ಬಿಡೋದಾ? ಯಾಕೆ?"

"ಒಂದು ಭುಜ ಗೊತ್ತಾಗದ ಕೈ ಇನ್ನೊಬ್ಬರ ಮೈಗೆ ಸೂಜಿ ಹಾಕೋದು ತಪ್ಪಲ್ವಾ? ವ್ಯಾಯಾಮ ಹೇಳಿಕೊಡ್ತಾ ಇರ್ತೀನಿ ಬಿಡಿ."

ಅವನನ್ನು ನೋಡುವ ಆಸೆಗೆ ಅವನ ಕೈಯನ್ನೇ ಸುಳ್ಳು ಮಾಡಿದೆನೇ? ಎದ್ದು ಓಡಿಹೋಗಬೇಕೆನಿಸಿತು. ಭುಜದಲ್ಲಿ ಸೂಜಿಗಳು. ಅಲ್ಲಾಡುವಂತಿಲ್ಲ.

"ನೋವಿಲ್ಲ," ಎಂದಳು ನೆಲಕ್ಕೆ.

"ಏನಂದ್ರಿ?"

"ನಿಮ್ಮ ಕೈ ತಪ್ಪಿಲ್ಲ. ಗಂಟು ಹೋಗಿ ಎಷ್ಟೋ ದಿನ ಆಯ್ತು. ಸುಳ್ಳು ಹೇಳಿದ್ದು ನಾನು."

ಬೂಟುಗಳು ಕಣ್ಣಿಂದ ಮರೆಯಾದವು. ಹೋದರೇ...? ಅಷ್ಟರಲ್ಲಿ ನೆಲದ ಮೇಲೆ ಒಂದು ಮೊಣಕಾಲು ಕಂಡಿತು, ಆಮೇಲೆ ಮಂಚದಡಿಗೆ ಬಗ್ಗಿದ ಅವನ ಮುಖ. ಸಿಟ್ಟಿತ್ತು. ಸಿಟ್ಟಿನ ಹಿಂದೆ ಬೇರೇನೋ ತಡವರಿಸುತ್ತಿತ್ತು.

"ಎಲ್ಲಿ ತಪ್ಪಿದೆ ಅಂತ ಕಾಲೇಜಿನ ಪುಸ್ತಕವೆಲ್ಲ ತೆಗೆದು ಓದಿದೀನಿ ಕಣ್ರೀ. ನಿಮ್ಮ ಭುಜ ಕನಸಲ್ಲೂ ಬಂದಿದೆ."

"ಸಾರಿ..."

"ಭುಜ ಒಂದೇ ಬಂದಿದ್ರೆ ಪರವಾಗಿರ್ಲಿಲ್ಲ," ಎಂದವನ ಕಿವಿ ಕೆಂಪಾಯಿತು. "ನೋವಿಲ್ದೇ ಇದ್ರೆ ಯಾಕೆ ಬರ್ತಿದ್ರಿ?"

ಅವಳು ಕಣ್ಣು ಮುಚ್ಚಿ ಏನೋ ಹೇಳಿದಳು. ದಿಂಬು ಅದರಲ್ಲಿ ಅರ್ಧ ನುಂಗಿತು.

"ಅಲ್ಲಾಡಬೇಡಿ. ಸೂಜಿ ತೆಗೀತೀನಿ. ಆಮೇಲೆ ಎದ್ದು ಕೂತು, ಮುಖ ನೋಡ್ಕೊಂಡು ಹೇಳಿ."

ಒಂದೊಂದಾಗಿ ಸೂಜಿಗಳು ಹೊರಬಂದವು. ಎದ್ದು ಕೂತಳು. ಕೆನ್ನೆಯ ಮೇಲೆ ದಿಂಬಿನ ಗುಂಡನೆಯ ಗುರುತು, ಕಾಡಿಗೆ ಕಿವಿಯವರೆಗೆ.

"ಮೊದ್ಲು ಆ ಲೇಸು ಕಟ್ಕೊಳ್ಳಿ, ಬೀಳ್ತೀರಿ," ಎಂದಳು.

"ಮಾತು ಮರೆಸಬೇಡಿ."

ಅವಳು ತಲೆ ಬಗ್ಗಿಸಲಿಲ್ಲ.

"ನಿಮಗೋಸ್ಕರ," ಎಂದಳು.