ಜೇಡರ ಬಲೆಯಿಲ್ಲದ ಮನೆ

"ಬಲೆ ಕಟ್ಟದಿರೋ ಮನೇಲಿ ಒಂದ್ ಗುಟುಕು ನೀರೂ ಕುಡೀಬೇಡ ಮಗಳೇ," ಎಂದಳು ಸಾಕಿದ ದಾದಿ ಚೌ ಅಜ್ಜಿ, ಮದುಮಗಳ ಮೇನೆಯ ಪರದೆ ಸರಿಸಿ. ಅಂಥ ಮನೆಯಲ್ಲಿ ಬಂಗಾರದ ಹುಳು ಸಾಕಿರುತ್ತಾರಂತೆ. ಅದು ಸಿರಿ ಕೊಡುತ್ತದೆ, ಮನೆಯ ಧೂಳು, ಬಲೆ, ಕೊಳೆಯನ್ನೆಲ್ಲ ನೆಕ್ಕುತ್ತದೆ, ಮೂರು ವರ್ಷಕ್ಕೊಮ್ಮೆ ತನ್ನ ಒಡೆಯರು ಹೆಸರಿಸಿದ ಜೀವವನ್ನು ತಿನ್ನುತ್ತದೆ.

ಮೇನೆಯೊಳಗಿನ ಸುವಾನ್ ನಕ್ಕಳು. "ಕಸ ಗುಡಿಸೋರಿದ್ರೆ ಅದೂ ಮಾಟವೇನಜ್ಜಿ? ಅಪ್ಪಯ್ಯನ ಮನೇಲಿ ಬಲೆಗೇನು ಬರ, ನೀನು ಅಲ್ಲೇ ಉಣ್ಣು."

ಗಂಡನ ಮನೆತನ ದುವಾನರ ಎಂಟಂಕಣದ ಮನೆ ತೊಳೆದಿಟ್ಟ ಬಟ್ಟಲಿನಂತಿತ್ತು. ತೊಲೆಗಳಲ್ಲಿ ಒಂದೆಳೆ ಬಲೆಯಿಲ್ಲ. ಗಂಡ ಜಿಂಗ್‌ಯು ಅವಳ ಮುಖ ನೋಡುತ್ತಾ ಚಹಾ ತಣ್ಣಗಾದದ್ದನ್ನೂ ಮರೆಯುತ್ತಿದ್ದ. ಅವಳಿಗೂ ಅವನೆಂದರೆ ಪ್ರಾಣ. ಕೊಳೆತ ಮೊಟ್ಟೆಯ ವಾಸನೆಯೊಂದು ಮಾತ್ರ ಅಲ್ಲಿ ಹೋಗುತ್ತಲೇ ಇರಲಿಲ್ಲ.

ಮರುದಿನ ಬೆಳಗ್ಗೆ ತೀರಿಹೋದ ಹಿರಿಯರ ಪೂಜೆಯ ಕೋಣೆಗೆ ಊದುಕಡ್ಡಿ ಹಚ್ಚಲು ಹೋದಾಗ ಆ ವಾಸನೆ ಒಂದು ಜಾಡಿಯಿಂದ ಬರುತ್ತಿತ್ತು. ಮುಚ್ಚಳ ತೆಗೆದಳು. ಥೂ! ತೋಳಿನ ಗಾತ್ರದ ಹಳದಿ ಹುಳು, ಮೈಯೆಲ್ಲ ಲೋಳೆ. ಹೆಂಗಸಿನ ಉದ್ದ ಕೂದಲನ್ನು ಚೀಪುತ್ತಿತ್ತು. ಅಲ್ಲೇ ವಾಂತಿ ಮಾಡಿಕೊಂಡಳು. ಬಾಯೊರೆಸಿ ನೋಡುವಷ್ಟರಲ್ಲಿ ವಾಂತಿಯ ಗುರುತೂ ಇಲ್ಲದೆ ನೆಲ ಹೊಳೆಯುತ್ತಿತ್ತು.

"ಅದು ನನ್ನ ಮೊದಲ ಹೆಂಡ್ತಿ ಕೂದಲು," ಎಂದ ಹಿಂದೆ ನಿಂತಿದ್ದ ಜಿಂಗ್‌ಯು. "ಹುಳುವಿನ ಒಡತಿ ಅವ್ವ. ಈ ಸಲ ಅದಕ್ಕೆ ನಿನ್ನ ಹೆಸರು ಹೇಳಬೇಕು ಅಂತಿದಾಳೆ."

ಹುಳುವಿನ ಜಾಡಿಯನ್ನು ಬೆಳ್ಳಿಯ ಜೊತೆ ಬುಟ್ಟಿಯಲ್ಲಿಟ್ಟು ಬಿಟ್ಟುಬಿಟ್ಟರೆ, ಕೈಯಾರೆ ಎತ್ತಿಕೊಂಡವರದಾಗುತ್ತದೆ; ಇವತ್ತೇ ನಾಲ್ಕುದಾರಿ ಕೂಡುವಲ್ಲಿ ಇಡುತ್ತೇನೆ ಎಂದು ಅವನು ಕಣ್ಣೀರಿಟ್ಟ. ಯಾರು ಎತ್ತಿಕೊಳ್ಳುತ್ತಾರೆಂದು ಅವಳು ಕೇಳಲಿಲ್ಲ.

ಮದುವೆಯಾದ ಮೂರನೇ ದಿನ ಪದ್ಧತಿಯಂತೆ ಇಬ್ಬರೂ ತವರಿಗೆ ಬಂದರು. ಅವಳ ಜೋಡಿನ ಕೆಸರು ಹೊಸ್ತಿಲಿಗೆ ಮೆತ್ತಿತು. ಕಣ್ಣೆದುರೇ ಮಾಯವಾಯಿತು. ತಲೆಯೆತ್ತಿದಳು. ತೊಲೆಗಳಲ್ಲಿ ಬಲೆಯಿಲ್ಲ. ಮಸಿಯಿಲ್ಲ. ಅದೇ ವಾಸನೆ.

"ಅಳಿಯಂದಿರ ಉಡುಗೊರೆ ನಿನ್ನೇನೇ ಬಂತಮ್ಮ, ನಾನೇ ಇಳಿಸ್ಕೊಂಡೆ," ಎಂದ ಬಡ ಮೇಷ್ಟ್ರು ಅಪ್ಪ, ಮುಖವರಳಿಸಿ. "ಅದ್ಯಾಕೋ ಚೌ ಅಜ್ಜಿ ನೀರೂ ಕುಡೀದೆ ಮನೆ ಬಿಟ್ಟು ಹೋದ್ಲು."

ಸುವಾನ್ ಗಂಡನತ್ತ ತಿರುಗಿದಳು. ಅವನು ನೆಲ ನೋಡಿದ. "ದಾರೀಲಿಟ್ಟ ಬುಟ್ಟೀನ ಈ ಸೀಮೇಲಿ ಯಾರೂ ಮುಟ್ಟಲ್ಲ. ಮೂರನೇ ದಿನದ ಉಡುಗೊರೆ ಬೇಡ ಅನ್ನೋ ಮಾವ ಎಲ್ಲಿದಾನೆ? ನಿನ್ನ ಉಳಿಸ್ಕೊಳ್ಳೋಕೇ ಮಾಡ್ದೆ."

ಅವಳಿಗೆ ಹುಳುವಿಗಿಂತ ಅವನನ್ನು ನೋಡಿಯೇ ಹೇಸಿಗೆಯಾಯಿತು. ಈ ಬಾಯಿಗೇ ಮುತ್ತಿಟ್ಟಿದ್ದೆನಲ್ಲ!

"ಅಪ್ಪಯ್ಯ, ಬೆಳ್ಳಿ ಸಮೇತ ಬುಟ್ಟಿ ಕೆಳಗಿಡಿ, ನಾನೇ ಕೈಯಾರೆ ಎತ್ಕೋತೀನಿ."

ವಾಪಸಾಗುವ ಬಂಡಿಯಲ್ಲಿ, ಬುಟ್ಟಿಯಿಂದ ತೆಗೆದ ಜಾಡಿ ಅವಳ ಮಡಿಲಲ್ಲಿತ್ತು. ಬೆಚ್ಚಗಿತ್ತು. ಒಳಗೆ ಏನೋ ಹೊರಳಿತು. ಜಿಂಗ್‌ಯು ಮೂಲೆಗೆ ಸರಿದ. ಇನ್ನೂ ಸರಿದ. ಜಾಗವಿರಲಿಲ್ಲ.

"ಈಗ ಹೆಸರು ಹೇಳಬೇಕಾದೋರು ಯಾರು?" ಎಂದು ಕೇಳಿದಳು.

ಸುವಾನ್ ಮುಚ್ಚಳ ತೆಗೆದು, ಮನೆತನದ ಹೆಸರೂ ಸೇರಿಸಿ, ಅವನ ಹೆಸರು ಹೇಳಿದಳು.